ಊರು ಕೂಡಿ ಹಿಂಡುವ ಸೇಬು

ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಜನ ಹಿತ್ತಿಲ ಸೇಬನ್ನು ಚೀಲ, ಬಕೆಟ್, ಕೈಗಾಡಿಗಳಲ್ಲಿ ತುಂಬಿಕೊಂಡು ಒಂದೆಡೆ ಸೇರುತ್ತಾರೆ. ಎಲ್ಲರ ಹಣ್ಣೂ ಒಂದೇ ಯಂತ್ರಕ್ಕೆ ಬಿದ್ದು, ರಸ ಎಲ್ಲರ ಲೋಟಕ್ಕೂ ಬರುತ್ತದೆ. ನಮ್ಮ ಆಲೆಮನೆ ಕಂಡವರಿಗೆ ಈ ಗದ್ದಲ ಹೊಸದೇನಲ್ಲ.

ರಾಶಿಯಲ್ಲಿ ಎದ್ದು ಕಾಣುವುದು ಬ್ರ್ಯಾಮ್ಲಿ. ದಪ್ಪ, ಹಸಿರು, ಕಚ್ಚಿದರೆ ಹಲ್ಲು ಚುಳುಕ್ ಎನ್ನುವ ಹುಳಿ. ಅಡುಗೆಯ ಸೇಬಾದರೂ ಇದು ಸ್ವಲ್ಪ ಬೆರೆಯದಿದ್ದರೆ ರಸ ಬರೀ ಸಪ್ಪೆ ಸಿಹಿ. ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬಿತ್ತಿದ ಬೀಜದಿಂದ ಎದ್ದ ಮರ ಇದರ ಮೂಲ. 1846ರಲ್ಲಿ ಆ ಮರವಿದ್ದ ಮನೆಯನ್ನು ಮ್ಯಾಥ್ಯೂ ಬ್ರ್ಯಾಮ್ಲಿ ಎಂಬ ಕಟುಕ ಕೊಂಡ. ಹತ್ತು ವರ್ಷದ ಮೇಲೆ ಹೆನ್ರಿ ಮೆರಿವೆದರ್ ಎಂಬ ತರುಣ ಕಸಿಗೆಂದು ಕಡ್ಡಿ ಕೇಳಿದಾಗ, ‘ಹಣ್ಣಿಗೆ ನನ್ನ ಹೆಸರಿಡಬೇಕು’ ಎಂಬ ಷರತ್ತಿನ ಮೇಲೆ ಕೊಟ್ಟ. ಮೇರಿ ಆ್ಯನ್ 1852ರಲ್ಲೇ ತೀರಿಕೊಂಡಿದ್ದಳು. ಬಿತ್ತಿದವಳನ್ನು ಬಿಟ್ಟು ಮನೆ ಕೊಂಡವನ ಹೆಸರು ಉಳಿದದ್ದು ನನಗಂತೂ ಅನ್ಯಾಯವೆಂದೇ ತೋರುತ್ತದೆ.

ಸೇಬಿನ ಬೀಜ ಬಿತ್ತಿದರೆ ತಾಯಿಮರದ ಗುಣದ ಗಿಡ ಬರುವುದಿಲ್ಲ, ಕಸಿಯೇ ಕಟ್ಟಬೇಕು. ಹಾಗಾಗಿ ಜಗತ್ತಿನ ಪ್ರತಿ ಬ್ರ್ಯಾಮ್ಲಿಯೂ ಆ ಒಂದು ಮರದ ಕೊಂಬೆಯೇ. 1900ರ ಬಿರುಗಾಳಿಗೆ ಬಿದ್ದ ಅದು ಬಿದ್ದಲ್ಲೇ ಚಿಗುರಿತು. ಈಗ ಬೇರಿಗೆ ಶಿಲೀಂಧ್ರ ಹತ್ತಿದೆ, ವಾಸಿಯಾಗುವ ರೋಗವಲ್ಲ.

ಹಿಂಡುವ ಕೆಲಸ ಸರಳ. ಹಣ್ಣು ತೊಳೆದು, ಕೊಳೆತದ್ದನ್ನು ಕೊಯ್ದೆಸೆದು, ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ಮೇಲಿನ ತಿರುಪು ಬಿಗಿಯುತ್ತಾರೆ. ಸುಮಾರು ಎರಡು ಕಿಲೋಗೆ ಒಂದು ಲೀಟರ್ ರಸ. ಗಾಳಿ ತಾಗಿದೊಡನೆ ಕಂದಾಗುತ್ತದೆ; ಹೆದರಬೇಕಾಗಿಲ್ಲ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಬಾಳುತ್ತದೆ. ಹೆಚ್ಚು ಕಾಲ ಇಡಬೇಕೆಂದರೆ ಬಾಟಲಿ ಸಮೇತ 75 ಡಿಗ್ರಿಯ ಆಸುಪಾಸಿನಲ್ಲಿ ಕಾಯಿಸಬೇಕು. ಮರೆತರೆ ಹುಳಿತು ಸೈಡರ್ ಎಂಬ ಮದ್ಯವಾಗುತ್ತದೆ. ಬೇಕೆಂದೇ ಮರೆಯುವವರೂ ಉಂಟು! ಹಿಪ್ಪೆ ಹಂದಿಗಳ ಪಾಲು.

‘ಕಾಮನ್ ಗ್ರೌಂಡ್’ ಎಂಬ ಸಂಸ್ಥೆ 1990ರ ಅಕ್ಟೋಬರ್ 21ರಂದು ಲಂಡನ್ನಿನ ಕಾವೆಂಟ್ ಗಾರ್ಡನ್‌ನಲ್ಲಿ ಮೊದಲ ‘ಆ್ಯಪಲ್ ಡೇ’ ನಡೆಸಿದ ಮೇಲೆ ಈ ಕೂಟಗಳಿಗೆ ಜೀವ ಬಂತು. ಆ ಹೊತ್ತಿಗೆ ತೋಟಗಳೇ ಕರಗಿದ್ದವು. 1900ರಿಂದೀಚೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಂಪ್ರದಾಯಿಕ ತೋಟಗಳಲ್ಲಿ ಶೇ 81ರಷ್ಟು ಹೋಗಿವೆ ಎನ್ನುತ್ತದೆ ನ್ಯಾಷನಲ್ ಟ್ರಸ್ಟ್‌ನ 2022ರ ಅಧ್ಯಯನ. ಕೆಂಟ್‌ನ ಬ್ರಾಗ್‌ಡೇಲ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸೇಬಿನ ತಳಿ ಕಾದಿಟ್ಟಿದ್ದಾರೆ. ಅಂಗಡಿಯಲ್ಲಿ ಸಿಗುವುದು ಬೆರಳೆಣಿಕೆಯಷ್ಟು.

ಅಕ್ಟೋಬರಿನಲ್ಲಿ ಮಗನ ಮನೆಗೋ ಮಗಳ ಮನೆಗೋ ಎಂದು ಅಲ್ಲಿಗೆ ಹೋಗುವವರು, ಹಿತ್ತಿಲಲ್ಲಿ ಸೇಬು ಉದುರಿ ಬಿದ್ದಿದ್ದರೆ ಒಂದು ಚೀಲ ಹೊತ್ತು ಇಂಥ ಕೂಟಕ್ಕೆ ಹೋಗಿ ಬನ್ನಿ. ಖಾಲಿ ಬಾಟಲಿ ಒಯ್ಯಲು ಮರೆಯಬೇಡಿ.