ಕಾಲಿನ ಬಾವು: ರೋಗದ ಬಾಗಿಲು ಬೆರಳ ಸಂದಿನಲ್ಲಿದೆ



ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಕಾಫಿ ಸೀಮೆಯಲ್ಲಿ ಕಾಲು ಒಣಗುವುದೆಂಬುದೇ ಇಲ್ಲ. ಮೂಡಿಗೆರೆ, ಕಳಸದ ಕಡೆಯ ಗದ್ದೆಯಲ್ಲಿ ನಾಟಿ, ತೋಟದಲ್ಲಿ ಕಳೆ, ಗೊಬ್ಬರ. ಹಗಲಿಡೀ ಗಂಬೂಟಿನೊಳಗೆ ನೀರು, ಸಂಜೆ ಮನೆಗೆ ಬಂದರೆ ಇಂಬಳ ಕಚ್ಚಿದ ಗಾಯ. ಈ ದಿನಗಳಲ್ಲಿಯೇ ನಮ್ಮ ಚಿಕಿತ್ಸಾಲಯಕ್ಕೆ ಕಾಲು ಬಾತವರು ಹೆಚ್ಚಾಗಿ ಬರುತ್ತಾರೆ. ಕೆಲವರ ಬಾವು ವಾರದಲ್ಲಿ ಇಳಿಯುತ್ತದೆ. ಕೆಲವರದು ವರ್ಷಗಟ್ಟಲೆ ಉಳಿದು, ಪ್ರತಿ ಮಳೆಗಾಲಕ್ಕೂ ಒಂದು ಸುತ್ತು ದಪ್ಪವಾಗುತ್ತದೆ. ಈ ಎರಡನೆಯ ಬಗೆಯನ್ನು ಕುರಿತು ಈ ಸಂಚಿಕೆಯಲ್ಲಿ ಅರಿಕೆ ಮಾಡುತ್ತೇವೆ.

ಹೃದಯದಿಂದ ಹೊರಟ ರಕ್ತದಲ್ಲಿನ ದ್ರವದ ಒಂದಂಶವು ಸೂಕ್ಷ್ಮ ನಾಳಗಳಿಂದ ಸೋರಿ ಅಂಗಾಂಶಗಳನ್ನು ಪೋಷಿಸುತ್ತದೆ. ಹೀಗೆ ಉಳಿದ ದ್ರವವನ್ನು, ಅದರೊಡನೆ ಕಸವನ್ನೂ ರೋಗಾಣುಗಳನ್ನೂ ಬಳಿದುಕೊಂಡು, ಮರಳಿ ರಕ್ತಕ್ಕೆ ಸೇರಿಸುವುದು ದುಗ್ಧರಸ ನಾಳಗಳ ಕಾಯಕ. ದಿನವೊಂದಕ್ಕೆ 2 ಲೀಟರಿಗೂ ಮಿಕ್ಕಿದ ದ್ರವ ಈ ಹಾದಿಯಲ್ಲಿ ಸಾಗಿ ಕತ್ತಿನ ಬುಡದ ರಕ್ತನಾಳಗಳನ್ನು ಸೇರುತ್ತದೆ. ಈ ನಾಳಗಳಿಗೆ ಹೃದಯದಂತಹ ಪಂಪು ಇಲ್ಲ. ನಾಳಗಳ ಸ್ವಂತ ಮಿಡಿತ, ಸ್ನಾಯುಗಳ ಚಲನೆ ಮತ್ತು ಉಸಿರಾಟವೇ ಇವಕ್ಕೆ ಬಲ. ತೋಟದ ತೂಬಿನಲ್ಲಿ ಎಲೆ ಕಟ್ಟಿದರೆ ಹಿಂದಿನ ನೀರು ನಿಲ್ಲುವಂತೆ, ಈ ನಾಳಗಳು ಕೆಟ್ಟರೆ ಕಾಲಿನಲ್ಲಿ ದ್ರವ ನಿಲ್ಲುತ್ತದೆ. ಬಹುಕಾಲ ನಿಂತರೆ ಚರ್ಮ ದಪ್ಪಗಾಗಿ ಗಡುಸಾಗುತ್ತದೆ.

ಜನ ಇದನ್ನೆಲ್ಲ ಒಟ್ಟಾಗಿ ಆನೆಕಾಲು ಎನ್ನುತ್ತಾರೆ. ಶಾಸ್ತ್ರದಲ್ಲಿ ಇದು ಶ್ಲೀಪದ. ಸುಶ್ರುತಸಂಹಿತೆಯ ನಿದಾನಸ್ಥಾನದ 12ನೆಯ ಅಧ್ಯಾಯವು, ಹಳೆಯ ನೀರು ನಿಲ್ಲುವ, ಸದಾ ತಂಪಾಗಿರುವ ಪ್ರದೇಶಗಳಲ್ಲಿ ಈ ರೋಗ ಹೆಚ್ಚೆಂದು ತಿಳಿಸುತ್ತದೆ. ನಿಂತ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆಯು ಫೈಲೇರಿಯಾ ಹುಳುವನ್ನು ಹರಡುತ್ತದೆಂಬುದು ಇಂದು ತಿಳಿದಿದೆ; ಆ ಹುಳು ಸೊಳ್ಳೆಯ ದೇಹದಲ್ಲಿ ಬೆಳೆಯುವುದನ್ನು ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ವೈದ್ಯ 1877ರಲ್ಲಿ ಕಂಡನು. ನಮ್ಮ ರಾಜ್ಯದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಮುಂತಾದ ಜಿಲ್ಲೆಗಳೂ ಕರಾವಳಿಯೂ ಈ ರೋಗದ ನೆಲೆಗಳೆಂದು ಹೆಸರಾದವು. ಆ ಕಡೆಯಿಂದ ಕೆಲಸಕ್ಕೆ ಬಂದವರಲ್ಲಿ ಕಾಲು ಬಾತರೆ ಫೈಲೇರಿಯಾ ಪರೀಕ್ಷೆ ಅಗತ್ಯ. ಹುಳುವಿನ ಮರಿಗಳು ರಾತ್ರಿಯ ಹೊತ್ತು ರಕ್ತದಲ್ಲಿ ಕಾಣಿಸಿಕೊಳ್ಳುವುದರಿಂದ ರಕ್ತವನ್ನು ರಾತ್ರಿಯೇ ತೆಗೆಯುವ ರೂಢಿಯಿದೆ.

ಆದರೆ ಬಾತ ಕಾಲೆಲ್ಲ ಫೈಲೇರಿಯಾ ಅಲ್ಲ. ಸ್ತನದ ಅರ್ಬುದಕ್ಕೆ ಶಸ್ತ್ರಚಿಕಿತ್ಸೆಯಾಗಿ ಕಂಕುಳಿನ ಗ್ರಂಥಿಗಳನ್ನು ತೆಗೆದ ತಾಯಂದಿರಿಗೆ ತೋಳು ಬಾಯುವುದುಂಟು. ಹೃದಯ, ಮೂತ್ರಪಿಂಡ, ಯಕೃತ್ತಿನ ದೋಷಗಳಲ್ಲಿ ಸಾಮಾನ್ಯವಾಗಿ ಎರಡೂ ಕಾಲು ಬಾಯುತ್ತವೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ. ದುಗ್ಧರಸದ ಬಾವು ಪಾದದ ಮೇಲ್ಭಾಗವನ್ನೂ ಬೆರಳುಗಳನ್ನೂ ಹಿಡಿಯುತ್ತದೆ. ಕಾಲಿನ ಎರಡನೆಯ ಬೆರಳಿನ ಬುಡದ ಚರ್ಮವನ್ನು ಚಿವುಟಿ ಮೇಲೆತ್ತಿ ನೋಡಿರಿ. ಎತ್ತಲು ಬಾರದಿದ್ದರೆ ಸಂಶಯಕ್ಕೆ ಆಸ್ಪದವಿದೆ. ಎತ್ತಲು ಬಂದಿತೆಂದು ರೋಗವಿಲ್ಲವೆಂದು ತಿಳಿಯಬಾರದು. ನಿಶ್ಚಯವನ್ನು ವೈದ್ಯರೇ ಮಾಡಬೇಕು.

ಇಲ್ಲಿ ನಮ್ಮದೇ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಕಾಫಿ ಕೊಯ್ಲಿನ ಕೆಲಸದ ತಾಯಿಯೊಬ್ಬರು ಬಲಗಾಲಿನ ಬಾವಿಗೆಂದು ನಮ್ಮಲ್ಲಿಗೆ ಬರುತ್ತಿದ್ದರು. ಪುನರ್ನವೆಯ ಕಷಾಯ ಕೊಟ್ಟೆವು, ಉಪ್ಪು ಬಿಡಿಸಿದೆವು. ಮೂತ್ರ ಹೆಚ್ಚಿತು, ಕಾಲು ಇಳಿಯಲಿಲ್ಲ. ಮಳೆಗಾಲದಲ್ಲಿ ಎರಡು ಮೂರು ಸಲ ನಡುಕದ ಜ್ವರ, ಕಾಲು ಕೆಂಪಾಗಿ ಉರಿ, ತೊಡೆಸಂದಿನಲ್ಲಿ ಗಡ್ಡೆ. ಜ್ವರಕ್ಕೆ ಔಷಧ ಕೊಡುತ್ತಿದ್ದೆವು. ನಾಲ್ಕು ಮಳೆಗಾಲ ಕಳೆದರೂ ಅವರ ಬೆರಳುಗಳನ್ನು ಬಿಡಿಸಿ ನೋಡಿರಲಿಲ್ಲ. ನೋಡಿದಾಗ ಸಂದುಗಳೆಲ್ಲ ಬೆಂದಂತೆ ಬೆಳ್ಳಗಾಗಿ ಬಿರಿದಿದ್ದವು. ರೋಗಾಣುಗಳು ಒಳಹೊಕ್ಕ ಬಾಗಿಲು ಅದು. ಒಂದೊಂದು ಜ್ವರವೂ ಉಳಿದಿದ್ದ ನಾಳಗಳನ್ನು ಇನ್ನಷ್ಟು ಕೆಡಿಸುತ್ತದೆ. ನಾಳ ಕೆಟ್ಟಷ್ಟೂ ಬಾವು, ಬಾವು ಬೆಳೆದಷ್ಟೂ ಜ್ವರ. ಈ ಚಕ್ರವನ್ನು ತಡೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ಹುಳುವಿನ ಮಾತ್ರೆ ಹುಳುವಿಗೆ ಬೇಕು. ಆದರೆ ಈಗಾಗಲೇ ಗಡುಸಾದ ಕಾಲನ್ನು ಅದೊಂದೇ ಸರಿಪಡಿಸದು.

ನಮ್ಮ ನೆರೆಯ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆಯು ಆಧುನಿಕ ಚರ್ಮವೈದ್ಯ, ಆಯುರ್ವೇದ ಮತ್ತು ಯೋಗವನ್ನು ಈ ರೋಗಕ್ಕಾಗಿ ಒಂದುಗೂಡಿಸಿದೆ. ಸಾಬೂನಿನಿಂದ ತೊಳೆಯುವುದು, ಗಿಡಮೂಲಿಕೆಯ ಫಾಂಟದಲ್ಲಿ ಕಾಲು ನೆನೆಸುವುದು, ಯೋಗ, ಪ್ರಾಣಾಯಾಮ, ಹಗುರವಾದ ಮರ್ದನ, ಬಟ್ಟೆಯ ಪಟ್ಟಿ ಸುತ್ತುವುದು ಅವರ ಕ್ರಮ. ಕಲಬುರಗಿ ಜಿಲ್ಲೆಯ ರೋಗಿಗಳಿಗೂ ಅವರು ಇದನ್ನು ತಲುಪಿಸಿದರು. ಇದರಲ್ಲಿ ಬಹುಪಾಲು ರೋಗಿಯೇ ಮನೆಯಲ್ಲಿ ಮಾಡಿಕೊಳ್ಳುವಂಥದು.

ಪ್ರತಿ ಸಂಜೆ ಕಾಲನ್ನು ಶುದ್ಧ ನೀರು ಮತ್ತು ಸಾಬೂನಿನಿಂದ, ಒಂದೊಂದು ಬೆರಳನ್ನೂ ಬಿಡಿಸಿ ತೊಳೆಯಿರಿ. ಅನಂತರ ಮೆತ್ತನೆಯ ಬಟ್ಟೆಯಿಂದ ಸಂದುಗಳನ್ನು ಒತ್ತಿ ಒಣಗಿಸಿರಿ, ಉಜ್ಜಬೇಡಿರಿ. ಮಠದ ಹೊಸ್ತಿಲು ದಾಟುವ ಮುನ್ನ ನಾವೆಲ್ಲ ಕಾಲು ತೊಳೆಯುತ್ತೇವೆ, ಒರೆಸುವವರು ಮಾತ್ರ ವಿರಳ! ಒಣಗಿದ ಚರ್ಮಕ್ಕೆ ತೆಳ್ಳಗೆ ಕೊಬ್ಬರಿ ಎಣ್ಣೆ ಸವರಬಹುದು, ಸಂದುಗಳಿಗೆ ಬೇಡ. ಸಂದು ಬೆಂದಿದ್ದರೆ ವೈದ್ಯರಿಂದ ಲೇಪ ಪಡೆಯಿರಿ. ಗಂಬೂಟನ್ನು ರಾತ್ರಿ ಬಚ್ಚಲ ಒಲೆಯಿಂದ ತುಸು ದೂರ ಕವುಚಿ ಒಣಗಿಸಿರಿ. ಒದ್ದೆ ಕಾಲುಚೀಲವನ್ನು ಮರುದಿನ ಹಾಕಬೇಡಿರಿ. ಇಂಬಳ ಕಚ್ಚಿದಲ್ಲಿ ಕೆರೆಯದೆ ತೊಳೆಯಿರಿ.

ಮಲಗುವಾಗ ಕಾಲಡಿ ದಿಂಬಿಡಿರಿ. ದಿನಕ್ಕೆ ಮೂರು ಬಾರಿ ಪಾದವನ್ನು ಮೇಲೆ ಕೆಳಗೆ 15 ಸಲ ಆಡಿಸಿ, ಹೊಟ್ಟೆ ತುಂಬುವಂತೆ ನಿಧಾನವಾಗಿ ಉಸಿರೆಳೆದು ಬಿಡಿರಿ. ಪೂಜೆಗೆ ಚಕ್ಕಳ ಮಕ್ಕಳ ಹಾಕಿ ಬಹುಹೊತ್ತು ಕೂರಲಾಗದವರು ಕುರ್ಚಿಯಲ್ಲಿ ಕುಳಿತರೆ ಭಕ್ತಿಗೆ ಕುಂದಿಲ್ಲ. ಪಟ್ಟಿಯನ್ನಾಗಲಿ ಒತ್ತುವ ಕಾಲುಚೀಲವನ್ನಾಗಲಿ ಅಳತೆ ನೋಡಿ ವೈದ್ಯರೇ ಗೊತ್ತುಮಾಡಬೇಕು. ರಕ್ತಸಂಚಾರ ಕುಂದಿದ ಕಾಲಿಗೆ ಬಿಗಿಪಟ್ಟಿ ಅಪಾಯ.

ಬರೆ ಹಾಕಿಸುವುದು, ಸೂಜಿ ಚುಚ್ಚಿ ನೀರು ತೆಗೆಯುವುದು, ಮನೆಯಲ್ಲಿ ರಕ್ತ ಬಿಡಿಸುವುದು ಸರ್ವಥಾ ಬೇಡ. ಒಂದೊಂದು ಗಾಯವೂ ಹೊಸ ಬಾಗಿಲು. ನಡುಕದ ಜ್ವರ ಬಂದು ಕಾಲು ಕೆಂಪಾದರೆ ಮರ್ದನ, ಪಟ್ಟಿ, ವ್ಯಾಯಾಮಗಳನ್ನು ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿರಿ. ಅಲ್ಲಿ ಆಂಟಿಬಯೋಟಿಕ್ ಕೊಟ್ಟರೆ ಪೂರ್ಣ ಅವಧಿ ಸೇವಿಸಿರಿ. ಆಯುರ್ವೇದದವರಾದ ನಾವೇ ಇದನ್ನು ಹೇಳುತ್ತಿದ್ದೇವೆ. ಒಂದೇ ಕಾಲು ಹಠಾತ್ತಾಗಿ ಬಾತು ನೋವಾದರೆ, ಉಸಿರು ಕಟ್ಟಿದರೆ, ತಡಮಾಡಬಾರದು. ಸಕ್ಕರೆ ಕಾಯಿಲೆಯವರು ಸಣ್ಣ ಬಿರುಕನ್ನೂ ಕಡೆಗಣಿಸಬಾರದು.

ಆ ತಾಯಿಯ ಕಾಲು ಎಡಗಾಲಿನಷ್ಟು ಸಣ್ಣದಾಗಲಿಲ್ಲ. ಆದರೆ ಸಂಜೆ ತೊಳೆದು ಒಣಗಿಸುವುದನ್ನು ರೂಢಿಸಿಕೊಂಡ ಮೇಲಿನ ಮಳೆಗಾಲದಲ್ಲಿ ಅವರಿಗೆ ಜ್ವರ ಬರಲಿಲ್ಲ. ಬಾವು ಮೆತ್ತಗಾಗಿ, ಚಪ್ಪಲಿ ಹಿಡಿಸಿತು. ಸೀರೆಯ ಅಂಚಿನಲ್ಲಿ ಕಾಲು ಮರೆಸಿಕೊಂಡು ಮದುವೆ ಮನೆಗಳನ್ನು ತಪ್ಪಿಸುತ್ತಿದ್ದವರು ಮತ್ತೆ ಜನರ ನಡುವೆ ಕುಳಿತರು. ಬಾತ ಕಾಲನ್ನು ಕೊಂಕು ನೋಟದಿಂದ ನೋಡುವುದೂ ಒಂದು ಗಾಯವೇ. ಕೂಡಿ ಉಣ್ಣುವುದರಿಂದ, ಜೊತೆಗೆ ಕೂರುವುದರಿಂದ ಇದು ಅಂಟುವುದಿಲ್ಲ. ನಿಮ್ಮ ಮನೆಯಲ್ಲಿ, ನಿಮ್ಮ ತೋಟದ ಲೈನಿನಲ್ಲಿ ಕಾಲು ಮರೆಸಿ ನಡೆಯುವವರಿದ್ದರೆ ಇಂದು ಸಂಜೆಯೇ ಅವರನ್ನು ಕೂರಿಸಿ ಬೆರಳ ಸಂದುಗಳನ್ನು ನೋಡಿರಿ. ಕಾಯಕಕ್ಕೆ ಕಾಲೇ ಆಧಾರ. ಅದನ್ನು ಕಾಯುವುದೂ ಕಾಯಕವೇ.