ಉಪಗ್ರಹ ಕಂಡುಹಿಡಿದದ್ದು ಕಾದಂಬರಿಕಾರ ಆರ್ಥರ್ ಸಿ. ಕ್ಲಾರ್ಕ್ ಅವರೇ? ನಿಜವೆಷ್ಟು?

ವೈಜ್ಞಾನಿಕ ಕಾದಂಬರಿಕಾರ ಆರ್ಥರ್ ಸಿ. ಕ್ಲಾರ್ಕ್ ಭವಿಷ್ಯ ನುಡಿದಿದ್ದರು, ಸಂಪರ್ಕ ಉಪಗ್ರಹ ಕಂಡುಹಿಡಿದವರೇ ಅವರು ಎಂಬ ಮಾತನ್ನು ನೀವೂ ಓದಿರಬಹುದು. ಇದರಲ್ಲಿ ನಿಜ ಅರ್ಧ ಮಾತ್ರ.

ಯಾರು ಈ ಕ್ಲಾರ್ಕ್?

1917ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ರೇಡಾರ್ ಕೆಲಸ ಮಾಡಿದರು. ಆಮೇಲೆ ಲಂಡನ್ನಿನಲ್ಲಿ ಗಣಿತ, ಭೌತಶಾಸ್ತ್ರ ಓದಿದರು. 1956ರಲ್ಲಿ ಶ್ರೀಲಂಕಾಕ್ಕೆ ಹೋಗಿ ನೆಲೆಸಿದರು, 2008ರಲ್ಲಿ ಕೊಲಂಬೊದಲ್ಲಿ ತೀರಿಕೊಂಡರು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದ ಚಿತ್ರಕಥೆಯನ್ನು ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ಜೊತೆ ಬರೆದವರು ಇವರೇ.

ಅವರು ಹೇಳಿದ್ದೇನು?

1945ರ ಅಕ್ಟೋಬರ್‌ನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಕ್ಲಾರ್ಕ್ ಅವರ ಲೇಖನ ಬಂತು. ಅದು ಕಥೆಯಲ್ಲ, ಲೆಕ್ಕ. ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತಿಗೆ ಸುಮಾರು 24 ಗಂಟೆ ಬೇಕು. ಭೂಮಿಯೂ ಅಷ್ಟೇ ಹೊತ್ತಿನಲ್ಲಿ ಒಂದು ಸುತ್ತು ತಿರುಗುತ್ತದೆ. ಹಾಗಾಗಿ ನೆಲದಿಂದ ನೋಡಿದರೆ ಉಪಗ್ರಹ ಒಂದೇ ಕಡೆ ನಿಂತಂತಿರುತ್ತದೆ. ನಿಮ್ಮ ಮನೆಯ ಡಿಶ್ಶನ್ನು ಒಮ್ಮೆ ಕೂರಿಸಿದ ಮೇಲೆ ದಿನಾ ತಿರುಗಿಸಬೇಕಿಲ್ಲವಲ್ಲ, ಕಾರಣ ಇದೇ. ಇಂಥ ಮೂರು ಉಪಗ್ರಹಗಳಿದ್ದರೆ ಬಹುತೇಕ ಇಡೀ ಭೂಮಿಗೆ ಸಂಪರ್ಕ ಕೊಡಬಹುದು ಎಂದು ಅವರು ತೋರಿಸಿದರು.

ಹಾಗಾದರೆ ತಪ್ಪೆಲ್ಲಿ?

ಈ ಕಕ್ಷೆಯ ಬಗ್ಗೆ ಎಂಜಿನಿಯರ್ ಹರ್ಮನ್ ಪೊಟೊಚ್ನಿಕ್ 1920ರ ದಶಕದ ಕೊನೆಯಲ್ಲೇ ಬರೆದಿದ್ದರು. ಎರಡನೆಯದಾಗಿ, ಕ್ಲಾರ್ಕ್ ಊಹಿಸಿದ್ದು ಜನರೇ ಇದ್ದು ಕೆಲಸ ಮಾಡುವ ನಿಲ್ದಾಣಗಳನ್ನು. ಮುಂದೆ ಬಂದದ್ದು ಯಾರೂ ಇಲ್ಲದ ಪುಟ್ಟ ಯಂತ್ರ. ಅದನ್ನು ನಿಜವಾಗಿ ಕಟ್ಟಿದವರು ಅಮೆರಿಕದ ಹೆರಾಲ್ಡ್ ರೋಸನ್ ಮತ್ತು ಅವರ ತಂಡ. ಅವರ ಸಿನ್‌ಕಾಮ್-3, 1964ರಲ್ಲಿ ಈ ಕಕ್ಷೆಗೆ ಸೇರಿತು. ಕ್ಲಾರ್ಕ್ ಪೇಟೆಂಟ್ ಪಡೆದಿರಲಿಲ್ಲ.

ನಮಗೇನು ನಂಟು?

1975-76ರಲ್ಲಿ ಭಾರತವು ಇದೇ ಎತ್ತರದಲ್ಲಿದ್ದ ನಾಸಾದ ಉಪಗ್ರಹವೊಂದರಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸಿತು. ಅದರಲ್ಲಿ ಕರ್ನಾಟಕದ ಹಳ್ಳಿಗಳೂ ಇದ್ದವು. ಆ ಕಾರ್ಯಕ್ರಮ ನೋಡಲು ಕೊಲಂಬೊದ ಕ್ಲಾರ್ಕ್ ಮನೆಯಲ್ಲೂ ಇಸ್ರೊ ಒಂದು ಡಿಶ್ ಹಾಕಿಸಿಕೊಟ್ಟಿತು. ಇಂದು ಆ ಎತ್ತರದ ನಮ್ಮ ಉಪಗ್ರಹಗಳನ್ನು ಹಾಸನದ ಇಸ್ರೊ ಕೇಂದ್ರ ನೋಡಿಕೊಳ್ಳುತ್ತದೆ.

ಕೊನೆಗೆ

ಇದು ಭವಿಷ್ಯವಾಣಿ ಎಂದರೆ ಕ್ಲಾರ್ಕ್ ಹಾಕಿದ ಲೆಕ್ಕಕ್ಕೂ ರೋಸನ್ ತಂಡದ ದುಡಿಮೆಗೂ ಬೆಲೆ ಇಲ್ಲದಂತಾಗುತ್ತದೆ. ಆ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಅಳಿಸಬೇಕಿಲ್ಲ. ‘ಕಂಡುಹಿಡಿದರು’ ಎಂಬಲ್ಲಿ ‘ಲೆಕ್ಕ ಹಾಕಿ ತೋರಿಸಿದರು’ ಎಂದು ತಿದ್ದಿ ಕಳುಹಿಸಿ.