ನಿಮಗಿದು ಗೊತ್ತೆ? ಬೀಗವಿಲ್ಲದ ವಿಡಿಯೊ ಫೋಲ್ಡರ್‌ಗಳು

ವೆಬ್‌ಸೈಟಿನ ಫೋಲ್ಡರಿನಲ್ಲಿ ಮುಖಪುಟದ ಫೈಲ್ ಇಲ್ಲದೆ, ಪಟ್ಟಿ ತೋರಿಸುವ ಸೌಲಭ್ಯ ಚಾಲೂ ಇದ್ದರೆ, ಸರ್ವರ್ ಒಳಗಿರುವುದನ್ನೆಲ್ಲ ಸಾಲಾಗಿ ತೋರಿಸಿಬಿಡುತ್ತದೆ. ಮೇಲೆ ‘ಇಂಡೆಕ್ಸ್ ಆಫ್’ ಎಂಬ ತಲೆಬರಹ, ಕೆಳಗೆ ಫೈಲಿನ ಹೆಸರು, ತಾರೀಖು, ಗಾತ್ರ. ಲಿನಕ್ಸ್ ಹಂಚುವ ತಾಣಗಳು ಇದನ್ನು ಬೇಕೆಂದೇ ಬಳಸುತ್ತವೆ; ಮರೆತು ತೆರೆದಿಟ್ಟರೆ ತೊಂದರೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಊರುಗಳಲ್ಲೂ ಮದುವೆ, ನಾಮಕರಣದ ವಿಡಿಯೊ ಲಿಂಕ್ ಮೂಲಕ ಬರುವ ಕಾಲವಿದು. ಲಿಂಕಿನ ಕೊನೆಯಲ್ಲಿರುವ ಫೈಲಿನ ಹೆಸರು ಅಳಿಸಿ ತೆರೆದಾಗ ಬೇರೆ ಮನೆಯವರ ವಿಡಿಯೊಗಳೂ ಕಂಡರೆ, ಆ ಫೋಲ್ಡರ್ ಊರಿಗೆಲ್ಲ ತೆರೆದಿದೆ ಎಂದೇ ಅರ್ಥ. ಗೂಗಲ್‌ನಂಥ ಹುಡುಕುತಾಣಗಳಿಗೂ ಅದು ಸಿಗಬಹುದು. ಹೆಣ್ಣುಮಕ್ಕಳ, ಮಕ್ಕಳ ದೃಶ್ಯಗಳು ಹೀಗೆ ಅಪರಿಚಿತರ ಕೈಸೇರುವುದು ಎಲ್ಲಕ್ಕಿಂತ ದೊಡ್ಡ ಅಪಾಯ.

ಇಂಥ ತೆರೆದ ಫೋಲ್ಡರ್‌ಗಳಿಂದ ಸಿನಿಮಾ ಇಳಿಸಿಕೊಳ್ಳುವವರಿಗೂ ಗಂಡಾಂತರವಿದೆ. ವಿಂಡೋಸ್ ಸಾಮಾನ್ಯವಾಗಿ ಫೈಲಿನ ಹೆಸರಿನ ಕೊನೆಯ ಬಾಲವನ್ನು (ಎಕ್ಸ್‌ಟೆನ್ಶನ್) ಮರೆಮಾಡುತ್ತದೆ. ‘ಎಂಪಿ4’ ಎಂದು ಕಾಣುವುದರ ಹಿಂದೆ ‘ಇಎಕ್ಸ್‌ಇ’ ಅಡಗಿರಬಹುದು, ಒತ್ತಿದರೆ ಕುತಂತ್ರಾಂಶ ಓಡುತ್ತದೆ. ಸಬ್‌ಟೈಟಲ್ ಫೈಲಿನಿಂದಲೂ ಕಂಪ್ಯೂಟರನ್ನು ವಶಪಡಿಸಿಕೊಳ್ಳಬಹುದಾದ ದೋಷ 2017ರಲ್ಲಿ ವಿಎಲ್‌ಸಿ, ಕೋಡಿ ಪ್ಲೇಯರ್‌ಗಳಲ್ಲಿ ಪತ್ತೆಯಾಗಿ, ಬಳಿಕ ಸರಿಯಾಯಿತು.

ಇನ್ನು ಫೋಲ್ಡರ್ ಮುಚ್ಚುವ ಬಗೆ: ಅಪಾಚೆ ಸರ್ವರಿನಲ್ಲಿ ‘ಆಪ್ಷನ್ಸ್ ಮೈನಸ್ ಇಂಡೆಕ್ಸಸ್’ ಎಂಬ ಒಂದೇ ಸಾಲು ಪಟ್ಟಿಯನ್ನು ನಿಲ್ಲಿಸುತ್ತದೆ. ಆದರೂ ವಿಳಾಸ ಗೊತ್ತಿದ್ದವರಿಗೆ ಫೈಲ್ ಸಿಗುವುದರಿಂದ ಪಾಸ್‌ವರ್ಡ್ ಬೇಕೇ ಬೇಕು. ಇಂಥ ಕುತಂತ್ರಾಂಶಕ್ಕೆ ಸಿಕ್ಕಿ ಆನ್‌ಲೈನಿನಲ್ಲಿ ಹಣ ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.